ಅಮ್ಮ ಈಗಲೂ ಮಾಡಿಕೊಡುವ ಸಾರಿನ ಪುಡಿಯ ಅಳತೆಯನ್ನು ಗೆಳತಿಯರು ಕೇಳುತ್ತಿದ್ದಾರೆ. ಹೇಳಿಬಿಟ್ಟರೆ ನಮ್ಮ ಮನೆಯ ರುಚಿ ಊರಿನದಾಗಿಬಿಡುತ್ತದೆ ಎಂಬ ಭಯ. ಪೂರ್ತಿ ಹೇಳಬೇಕೇ, ಒಂದೆರಡು ಸಾಮಾನು ಬಿಟ್ಟು ಹೇಳಬೇಕೇ?

ನಾನು ಒಂದು ಸಾಮಾನನ್ನೂ ಬಿಡದೆ ಹೇಳಿ ಗೆಳತಿಯನ್ನು ಕಳೆದುಕೊಂಡವಳು. ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಯಿತು.

ನಾವು ಐದು ಜನ. ಬೆಂಗಳೂರಿನ ಒಂದು ಹಳೆಯ ಬಡಾವಣೆಯ ಉದ್ಯಾನದಲ್ಲಿ ಬೆಳಗ್ಗೆ ಆರೂವರೆಗೆ ಸೇರುತ್ತಿದ್ದೆವು. ಎರಡು ಸುತ್ತು ನಡಿಗೆ, ಒಂದು ಗಂಟೆ ಕಲ್ಲುಬೆಂಚು. ವೈದ್ಯರು ಹೇಳಿದ್ದು ನಡಿಗೆಯನ್ನು, ನಮ್ಮನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಬೆಂಚು. ಧಾರವಾಡದ ಕಡೆಯವರೊಬ್ಬರಿದ್ದರು, ಗುರೆಳ್ಳು ಚಟ್ನಿಪುಡಿಗೆ ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಜಜ್ಜಿ ಹಾಕಬೇಕು ಎಂದು ಅವರಿಂದ ಕಲಿತೆ. ಮಂಗಳೂರಿನವರೊಬ್ಬರು ದೊಡ್ಡಪತ್ರೆ ಎಲೆಯನ್ನು ತುಪ್ಪದಲ್ಲಿ ಬಾಡಿಸಿದ ಮೇಲೆಯೇ ತಂಬುಳಿಗೆ ಅರೆಯಬೇಕೆಂದು ಹಟ ಹಿಡಿದು ಕಲಿಸಿದರು. ಹೀಗೆ ಒಬ್ಬೊಬ್ಬರದು ಒಂದೊಂದು ಕೊಡುಗೆ. ನನ್ನ ಪಾಲಿಗೆ ಬಂದದ್ದು ಅಮ್ಮನ ಸಾರಿನ ಪುಡಿ. ವರ್ಷಕ್ಕೆರಡು ಬಾರಿ, ಬೇಸಿಗೆಯಲ್ಲಿ ಒಮ್ಮೆ, ನವರಾತ್ರಿಗೆ ಮೊದಲು ಒಮ್ಮೆ, ಮೈಸೂರಿನಿಂದ ಡಬ್ಬಿ ಬರುತ್ತಿತ್ತು. ಅದರಲ್ಲಿ ಒಂದೊಂದು ಬಟ್ಟಲು ಎಲ್ಲರಿಗೂ ಹಂಚುತ್ತಿದ್ದೆ. ಹೊಗಳಿಕೆ ನನಗೆ ಬರುತ್ತಿತ್ತು, ತೆಗೆದುಕೊಳ್ಳುತ್ತಿದ್ದೆ.

2013ರ ಮಳೆಗಾಲದಲ್ಲಿ ಅಮ್ಮ ತೀರಿಕೊಂಡಳು. ಅದೇ ವರ್ಷ ದಸರೆಯ ಹೊತ್ತಿಗೆ ಐವರಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವಳಾಗಿದ್ದ ಗೆಳತಿ ಅಳತೆ ಕೇಳಿದಳು. ಅವಳ ಮಗಳು ಮದುವೆಯಾಗಿ ಐರ್ಲೆಂಡಿಗೆ ಹೊರಟಿದ್ದಳು. ವರ್ಷಕ್ಕಾಗುವಷ್ಟು ಪುಡಿ ಮಾಡಿ ಕಟ್ಟಿಕೊಡಬೇಕಿತ್ತು. "ಅಮ್ಮ ಇದನ್ನು ತನ್ನ ಓರಗಿತ್ತಿಗೂ ಹೇಳಿರಲಿಲ್ಲ, ಗೊತ್ತೇ?" ಎಂದು ಬಿಗುಮಾನ ತೋರಿಸಿದೆ. ಬರೀ ತಮಾಷೆ. ಆ ಮಾತನ್ನು ನೆನಪಿಟ್ಟುಕೊಳ್ಳಿ.

ಅಮ್ಮನ ಹಳೆಯ ನೋಟುಪುಸ್ತಕ ತೆಗೆದೆ. ಅವಳ ಮದುವೆಯಾದದ್ದು 1957ರಲ್ಲಿ, ಆಗ ಅಜ್ಜಿಯನ್ನು ಕೇಳಿ ಬರೆದುಕೊಂಡದ್ದು. ಹೀಗಿತ್ತು: ಮೆಣಸಿನಕಾಯಿ 1 ಸೇರು, ಮುಕ್ಕಾಲು ಪಾಲು ಬ್ಯಾಡಗಿ, ಕಾಲು ಪಾಲು ಗುಂಟೂರು. ಧನಿಯ 1 ಸೇರು. ಜೀರಿಗೆ 1 ಪಾವು. ಮೆಣಸು ಅರ್ಧ ಪಾವು. ಮೆಂತ್ಯ ಅರ್ಧ ಚಟಾಕು. ಮುಂದೆ ಸಾಸಿವೆ, ಕರಿಬೇವು, ಅರಿಶಿನ, ಇಂಗು, ಹರಳೆಣ್ಣೆ. ಮುಚ್ಚುಮರೆ ಏನೂ ಇಲ್ಲ.

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಹತ್ತು ವರ್ಷದಿಂದ ತಲೆಯಲ್ಲಿ ತಿರುಗುತ್ತಿರುವ ಲೆಕ್ಕವಿದು, ನಿಮಗೆ ಬೇಸರವಾದರೂ ಹೇಳಿಯೇ ತೀರುತ್ತೇನೆ.

ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಹಿತ್ತಾಳೆ ಸೇರು, ಪಾವು, ಚಟಾಕು ಮೂರೂ ಇವೆ. ನಾಲ್ಕು ಚಟಾಕು ಒಂದು ಪಾವು, ನಾಲ್ಕು ಪಾವು ಒಂದು ಸೇರು. ಗೆಳತಿಗೆ ಗ್ರಾಂ ಲೆಕ್ಕದಲ್ಲಿ ಕೊಟ್ಟರೆ ಅನುಕೂಲ ಎಂದು ಧನಿಯವನ್ನು ಸೇರಿಗೆ ತುಂಬಿ, ತಲೆ ಸವರಿ, ತೂಗಿದೆ. ಸುಮಾರು 350 ಗ್ರಾಂ ಬಂತು. ಜೀರಿಗೆಯ ಪಾವು 115 ಗ್ರಾಂ, ಮೆಣಸಿನ ಅರ್ಧ ಪಾವು 65 ಗ್ರಾಂ. ಎಲ್ಲವನ್ನೂ ಬರೆದುಕೊಂಡೆ. ಮೆಣಸಿನಕಾಯಿಗೆ ಬಂದಾಗ ಕೈ ನಿಂತಿತು. ಒಣಮೆಣಸಿನಕಾಯಿಯನ್ನು ಸೇರಿಗೆ ತುಂಬುವುದು ಹೇಗೆ? ಬ್ಯಾಡಗಿ ಕಾಯಿ ಗೇಣುದ್ದ ಸುರುಟಿಕೊಂಡು ಅಡ್ಡಡ್ಡ ನಿಲ್ಲುತ್ತದೆ, ಹತ್ತು ಕಾಯಿಗೆ ಸೇರು ತುಂಬಿಬಿಡುತ್ತದೆ. ಹಾಗಾದರೆ ಇದು ತುಂಬಿ ಅಳೆಯುವ ಸೇರಲ್ಲ, ತಕ್ಕಡಿಯಲ್ಲಿ ತೂಗುವ ಸೇರು ಎಂದು ನಿರ್ಧರಿಸಿದೆ. ಅಷ್ಟರ ಮಟ್ಟಿಗೆ ನನ್ನ ಬುದ್ಧಿ ಸರಿಯಾಗಿಯೇ ಓಡಿತು. ನೆರೆಮನೆಯ ಹಿರಿಯರೊಬ್ಬರನ್ನು ಕೇಳಿದೆ. ಅವರು ನಿವೃತ್ತ ಗಣಿತ ಮೇಷ್ಟರು, ತಟ್ಟನೆ ಹೇಳಿದರು: ಒಂದು ಸೇರಿಗೆ 80 ತೊಲ, ಅಂದರೆ 933 ಗ್ರಾಂ. ಮೇಷ್ಟರು ಹೇಳಿದ ಮೇಲೆ ಇನ್ನೇನು? ಚೀಟಿಯಲ್ಲಿ ಬರೆದೆ: ಮೆಣಸಿನಕಾಯಿ 930 ಗ್ರಾಂ, ಧನಿಯ 350 ಗ್ರಾಂ.

ಅಡುಗೆ ಬಲ್ಲವರು ಈ ಸಾಲು ಓದಿ ಈಗಲೇ ಕೆಮ್ಮುತ್ತಿರಬೇಕು. ನನಗೆ ಕೆಮ್ಮು ಬರಲಿಲ್ಲ. ಯಾಕೆಂದರೆ, ತಪ್ಪಿನ ಬುಡ ಇಲ್ಲಿದೆ, ನಾನು ಆ ಪುಡಿಯನ್ನು ಒಮ್ಮೆಯೂ ಮಾಡಿರಲಿಲ್ಲ. ಮದುವೆಯಾಗಿ ಇಪ್ಪತ್ತೆಂಟು ವರ್ಷ ಡಬ್ಬಿ ಬಂತು, ಚಮಚ ಹಾಕಿದೆ, ಸಾರು ಕುದಿಸಿದೆ. ಮಾಡಿದ್ದವಳಾದರೆ ಚೀಟಿಯನ್ನು ನೋಡಿದ ಕೂಡಲೇ ಕೈ ತಡೆಯುತ್ತಿತ್ತು. ಒಂದು ಮೊರದ ತುಂಬ ಮೆಣಸಿನಕಾಯಿ, ಪಕ್ಕದಲ್ಲಿ ಒಂದು ಪಾತ್ರೆ ಧನಿಯ ಇರುವ ಕಡೆ ಮೂರು ಮೊರ ಮೆಣಸಿನಕಾಯಿ ಯಾಕೆ ಎಂದು ಕಣ್ಣೇ ಕೇಳುತ್ತಿತ್ತು. ನನ್ನ ಕಣ್ಣಿಗೆ ಆ ದೃಶ್ಯವೇ ಗೊತ್ತಿರಲಿಲ್ಲ.

ಗೆಳತಿ ಚೀಟಿಯನ್ನು ಅಕ್ಷರಶಃ ನಂಬಿದಳು. ತಾರಸಿಯಲ್ಲಿ ಒಣಗಿಸಿ, ಹುರಿದು, ಗಿರಣಿಗೆ ಹಾಕಿಸಿದಳು. ಬಣ್ಣ ಎಷ್ಟು ಚೆನ್ನಾಗಿದೆ ಎಂದು ನನಗೆ ಫೋನು ಮಾಡಿದಳು. ಬ್ಯಾಡಗಿಯ ಗುಣವೇ ಅದು, ಖಾರಕ್ಕಿಂತ ಬಣ್ಣ ಮುಂದು. ಆದರೆ ಕಾಲು ಪಾಲು ಗುಂಟೂರು ಸುಮ್ಮನಿರುತ್ತದೆಯೇ? ಪುಡಿಯಲ್ಲಿ ಮೂರರಲ್ಲೊಂದು ಪಾಲು ಇರಬೇಕಾದ ಮೆಣಸಿನಕಾಯಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲಾಗಿತ್ತು. ಒಂದೂವರೆ ಕಿಲೋ ಪುಡಿ, ಒಂದು ಚಮಚವನ್ನೂ ಸಾರಿಗೆ ಹಾಕಿ ನೋಡದೆ, ವಿಮಾನ ಹತ್ತಿತು. ಮಗಳು ಅಲ್ಲಿ ಅತ್ತೆಮಾವ ಬಂದಿದ್ದಾಗ ಮೊದಲ ಬಾರಿ ಸಾರು ಮಾಡಿದಳಂತೆ. ಮಾವನವರು ಒಂದು ತುತ್ತಿಗೆ ಎದ್ದು ಹೋದರಂತೆ.

ಇದೊಂದೂ ನನಗೆ ಗೊತ್ತಿರಲಿಲ್ಲ. ಗೆಳತಿ ನಡಿಗೆಯ ಸಮಯ ಬದಲಾಯಿಸಿದಳು. ಮಂಡಿನೋವು ಎಂದಳು. ಮುಂದಿನ ವರ್ಷ ವರಮಹಾಲಕ್ಷ್ಮಿ ಹಬ್ಬದ ಅರಿಶಿನ ಕುಂಕುಮಕ್ಕೆ ಹೋದಾಗ ಧಾರವಾಡದವರು ಮೆಲ್ಲಗೆ ಹೇಳಿದರು: "ನೀವು ಬೇಕೆಂದೇ ಅಳತೆ ತಪ್ಪಿಸಿ ಕೊಟ್ಟಿರಿ ಎಂದು ಅವರು ನಂಬಿದ್ದಾರೆ. ಓರಗಿತ್ತಿಗೂ ಹೇಳಿರಲಿಲ್ಲ ಎಂದು ನೀವೇ ಅಂದಿದ್ದಿರಂತೆ." ಕೈಯಲ್ಲಿದ್ದ ತಾಂಬೂಲ ಹಾಗೆಯೇ ಉಳಿಯಿತು.

ಕೋಪ ಬಂತು, ನಾನು ಸತ್ಯವಂತೆಯಲ್ಲವೇ! ಚೀಟಿ ಸರಿಯಾಗಿದೆ, ಹುರಿಯುವುದರಲ್ಲಿ ಅವಳೇ ಎಡವಟ್ಟು ಮಾಡಿದ್ದಾಳೆ ಎಂದು ಮೂರು ತಿಂಗಳು ನಾನೂ ಬಿಗಿದುಕೊಂಡಿದ್ದೆ. ಅಷ್ಟರಲ್ಲಿ ಅಮ್ಮನ ಕೊನೆಯ ಡಬ್ಬಿ ತಳ ಕಂಡಿತು. ಚೀಟಿ ಹಿಡಿದು ಒಂದು ಹಳೆಯ ಗ್ರಂಧಿಗೆ ಅಂಗಡಿಗೆ ಹೋದೆ. ಗಲ್ಲಾದ ಮೇಲೆ ಕುಳಿತಿದ್ದ ವೃದ್ಧರು ಚೀಟಿ ಓದಿ, ಕನ್ನಡಕ ತೆಗೆದು, ನನ್ನ ಮುಖ ನೋಡಿ, "ಮನೆಯಲ್ಲಿ ಯಾರ ಮೇಲಮ್ಮ ಸಿಟ್ಟು?" ಎಂದು ಕೇಳಿದರು.

ಅಮ್ಮನ ಮೂಲ ಬರಹ ಹೇಗಿತ್ತೆಂದು ಹೇಳಿದೆ. ಅವರು ವಿವರಿಸಿದ್ದು ಇಷ್ಟು. ಧನಿಯ, ಜೀರಿಗೆ, ಮೆಣಸು ಅಳತೆಯ ಸೇರು, ಪಾವಿನವು. ಮೆಣಸಿನಕಾಯಿ, ಬೆಲ್ಲ, ಹುಣಸೆಹಣ್ಣು ತೂಕದವು. ನಮ್ಮ ಹಳೆಯ ಮೈಸೂರು ಕಡೆ ಇವುಗಳನ್ನು ತೂಗುತ್ತಿದ್ದದ್ದು ಕಚ್ಚಾ ಸೇರಿನಲ್ಲಿ. ಕಚ್ಚಾ ಸೇರಿಗೆ 24 ತೊಲ, ಅಂದರೆ 280 ಗ್ರಾಂ. ಮೇಷ್ಟರು ಹೇಳಿದ 80 ತೊಲದ್ದು ಪಕ್ಕಾ ಸೇರು. ಅದೂ ಸುಳ್ಳಲ್ಲ, ಆದರೆ ನಮ್ಮ ಅಜ್ಜಿಯ ಅಡುಗೆಮನೆಗೆ ಬಂದದ್ದಲ್ಲ. ದೇಶಕ್ಕೆಲ್ಲ ಒಂದೇ ಅಳತೆ ಇರಲಿ ಎಂದು 1956ರಲ್ಲಿ ಕಾಯಿದೆ ಬಂತು, ಎರಡು ವರ್ಷದ ಮೇಲೆ ಕಿಲೋ ಅಂಗಡಿಗಳಿಗೆ ಒಂದೊಂದಾಗಿ ಕಾಲಿಟ್ಟಿತು. ಅಮ್ಮ ಬರೆದುಕೊಂಡದ್ದು ಆ ಎರಡರ ನಡುವೆ, 1957ರಲ್ಲಿ. ಅಜ್ಜಿಗೆ ಯಾವ ಸೇರು ಎಂದು ಹೇಳಬೇಕೆನಿಸಿರಲಿಕ್ಕಿಲ್ಲ. ಅವಳಿಗೆ ಮೆಣಸಿನಕಾಯಿಯ ಸೇರು ಎಂದರೆ ಅದೊಂದೇ. ಹೆಚ್ಚೇನು, ಇಂದಿಗೂ ಬಸವನಗುಡಿಯ ಪರಿಷೆಯಲ್ಲಿ ಕಡಲೆಕಾಯಿಯನ್ನು ಸೇರಿನಲ್ಲಿ ಅಳೆಯುವವರನ್ನು ಯಾರಾದರೂ ಎಷ್ಟು ಗ್ರಾಂ ಎಂದು ಕೇಳುತ್ತಾರೆಯೇ?

ಅಂಗಡಿಯ ಮೆಟ್ಟಿಲು ಇಳಿಯುವಾಗ ನೆನಪಾಯಿತು. ಚಿಕ್ಕವಳಿದ್ದಾಗ ಅಮ್ಮನ ಜೊತೆ ದೇವರಾಜ ಮಾರುಕಟ್ಟೆಗೆ ಹೋಗುತ್ತಿದ್ದೆ. ಮೆಣಸಿನಕಾಯಿ ಕೊಳ್ಳುವಾಗ ಪ್ರತಿ ಬಾರಿಯೂ ಅವಳು, "ಕಾಲು ಕಿಲೋ ತೂಗಿ ಮೇಲೆ ಒಂದು ಹಿಡಿ ಹಾಕಪ್ಪ" ಎನ್ನುತ್ತಿದ್ದಳು. ಕೊಸರು ಕೇಳುತ್ತಾಳೆಂದು ನನಗೆ ನಾಚಿಕೆಯಾಗುತ್ತಿತ್ತು, ಒಮ್ಮೆ ಸೆರಗು ಎಳೆದಿದ್ದೂ ಉಂಟು. ಕಾಲು ಕಿಲೋ ಎಂದರೆ 250, ಒಂದು ಹಿಡಿ ಎಂದರೆ 30. ಅವಳು ಕೊಸರು ಕೇಳುತ್ತಿರಲಿಲ್ಲ, ಕಚ್ಚಾ ಸೇರನ್ನು ಕಿಲೋ ಲೆಕ್ಕಕ್ಕೆ ತಿರುಗಿಸುತ್ತಿದ್ದಳು. ಉತ್ತರ ನನ್ನ ಎದುರಿಗೇ ತೂಗಿ ಕಟ್ಟಿಸಿಕೊಂಡು ಬರುತ್ತಿತ್ತು.

ಆ ವಾರವೇ ಸರಿಯಾದ ಅಳತೆಯಲ್ಲಿ ಪುಡಿ ಮಾಡಿದೆ. ಹುರಿಯುವಾಗ ಎರಡು ಸಲ ತಪ್ಪಿದೆ, ಮೆಂತ್ಯ ಕಪ್ಪಗಾಗಿ ಕಹಿಯಾಯಿತು. ಮೂರನೆಯ ಸಲ ಅಮ್ಮನ ವಾಸನೆ ಬಂತು. ಡಬ್ಬಿ ತುಂಬಿಕೊಂಡು ಗೆಳತಿಯ ಮನೆಗೆ ಹೋಗಿ ಸೇರು, ತೊಲ, ಮೇಷ್ಟರು ಎಲ್ಲವನ್ನೂ ಹೇಳಿದೆ. ಅವಳು ಕೇಳಿಸಿಕೊಂಡಳು, ಕಾಫಿ ಕೊಟ್ಟಳು. "ಇರಲಿ ಬಿಡು, ಈಗ ಅವಳು ಅಲ್ಲಿಯ ಅಂಗಡಿಯಿಂದಲೇ ಪೊಟ್ಟಣ ತರುತ್ತಾಳೆ" ಎಂದಳು. ಡಬ್ಬಿ ಇಟ್ಟು ಬಂದೆ. ಈಗ ಎದುರು ಸಿಕ್ಕರೆ ಮಾತಾಡುತ್ತೇವೆ. ಅಡುಗೆಯ ಮಾತು ಬರುವುದಿಲ್ಲ.

ಇನ್ನು ನಿಮ್ಮ ವಿಷಯ. ಪೂರ್ತಿ ಹೇಳಲೇ, ಬಿಟ್ಟು ಹೇಳಲೇ ಎಂದು ತೂಗುತ್ತಿದ್ದೀರಿ. ಅಂದರೆ ಅಳತೆ ನಿಮಗೆ ಗೊತ್ತಿದೆ ಎಂದು ನಂಬಿದ್ದೀರಿ. ನನಗೆ ಅನುಮಾನ. ನೀವೇ ಎಷ್ಟು ಬಾರಿ ಮಾಡಿದ್ದೀರಿ? ಒಂದು ಬಾರಿಯೂ ಇಲ್ಲವಾದರೆ ನಿಮ್ಮ ಬಳಿ ಇರುವುದು ಗುಟ್ಟಲ್ಲ, ಬರೀ ಚೀಟಿ. ಪೂರ್ತಿ ಹೇಳಬೇಕೆಂದರೂ ಹೇಳಲಾರಿರಿ.

ಮನೆಯ ರುಚಿ ಊರಿನದಾಗಿಬಿಡುತ್ತದೆ ಎಂಬ ಭಯವನ್ನಂತೂ ಬಿಟ್ಟುಬಿಡಿ. ಒಂದೇ ಡಬ್ಬಿಯ ಪುಡಿಯಲ್ಲಿ ನಮ್ಮ ಐದು ಮನೆಗಳಲ್ಲಿ ಐದು ಸಾರು ಆಗುತ್ತಿತ್ತು. ಒಬ್ಬರು ಹುಣಸೆ ಮುಂದು ಮಾಡುತ್ತಿದ್ದರು, ಒಬ್ಬರು ಟೊಮೆಟೊ, ಮಂಗಳೂರಿನವರು ಬೆಲ್ಲ ಹಾಕದೆ ಬಿಡುತ್ತಿರಲಿಲ್ಲ. ಕೊಳವೆಬಾವಿಯ ಗಡಸು ನೀರಿನ ಮನೆಯಲ್ಲಿ ಬೇಳೆಯೇ ಕರಗದೆ ಸಾರು ಬೇರೆಯಾಗುತ್ತಿತ್ತು. ಹಾಗೆಂದು ಎಲ್ಲವನ್ನೂ "ಕೈಗುಣ" ಎಂದು ತೇಲಿಸುವವರನ್ನು ಕಂಡರೂ ನನಗೆ ಆಗುವುದಿಲ್ಲ. ಅದರಲ್ಲಿ ಅರ್ಧ ನಿಜ, ಇನ್ನರ್ಧ ಅಳತೆ ಹೇಳದಿರಲು ಹೂಡುವ ಸಬೂಬು. ಒಂದು ಸಾಮಾನು ಬಿಟ್ಟು ಹೇಳುವುದು ಅದಕ್ಕಿಂತ ಕೆಟ್ಟದ್ದು. ಅವರು ಒಂದು ದಿನ ಕಂಡುಹಿಡಿಯುತ್ತಾರೆ, ಬಿಟ್ಟದ್ದು ಇಂಗೋ ಮೆಂತ್ಯವೋ ಎಂದು ಅವರಿಗೆ ಮುಖ್ಯವಾಗುವುದಿಲ್ಲ. ಬೇಕೆಂದು ಮಾಡದ ನನಗೇ ಇಷ್ಟಾಯಿತು. ಕೊಡಲು ಮನಸ್ಸಿಲ್ಲದಿದ್ದರೆ ಇಲ್ಲ ಎಂದುಬಿಡಿ, ಎರಡು ದಿನ ಮುನಿಸಿಕೊಳ್ಳುತ್ತಾರೆ, ಅಷ್ಟೇ.

ಕೊಡುವುದಾದರೆ ಫೋನಿನಲ್ಲಿ ಬೇಡ, ಚೀಟಿಯಲ್ಲೂ ಬೇಡ. ಮನೆಗೆ ಕರೆಯಿರಿ, ಅವರ ಸಾಮಾನನ್ನು ಅವರೇ ತರಲಿ, ನಿಮ್ಮ ಬಾಣಲೆಯಲ್ಲಿ ಹುರಿಯಲಿ. ಧನಿಯ ಯಾವಾಗ ಸಾಕು ಎಂಬುದು ಮೂಗಿಗೆ ಗೊತ್ತಾಗಬೇಕು. ಅಂದೇ ಸಾರು ಮಾಡಿ ಉಂಡು ಹೋಗಲಿ. ನಿಮ್ಮ ಅಮ್ಮ ಇದ್ದಾರೆಂದು ಪ್ರಶ್ನೆಯಿಂದ ತಿಳಿಯುತ್ತದೆ, ಪುಣ್ಯವಂತರು. ಈ ಭಾನುವಾರ ಹೋಗಿ. ಅವರು ಕಣ್ಣಳತೆಯಲ್ಲಿ ಹಾಕುವ ಒಂದೊಂದು ಹಿಡಿಯನ್ನೂ ಬಾಣಲೆಗೆ ಬೀಳುವ ಮೊದಲು ತಕ್ಕಡಿಯ ಮೇಲೆ ಹಿಡಿಯಿರಿ. ಬೈಯುತ್ತಾರೆ. ಬೈಯಲಿ.

ನಮ್ಮ ಅಮ್ಮನದು ಇಲ್ಲಿದೆ, ಯಾರು ಬೇಕಾದರೂ ತೆಗೆದುಕೊಳ್ಳಿ. ಬ್ಯಾಡಗಿ 210 ಗ್ರಾಂ, ಗುಂಟೂರು 70, ಧನಿಯ 350, ಜೀರಿಗೆ 115, ಮೆಣಸು 65, ಮೆಂತ್ಯ 25, ಸಾಸಿವೆ 20, ಎರಡು ಹಿಡಿ ಒಣಗಿಸಿದ ಕರಿಬೇವು, ಎರಡು ಚಮಚ ಅರಿಶಿನ, ನೆಲ್ಲಿಕಾಯಿ ಗಾತ್ರದ ಗಟ್ಟಿ ಇಂಗು. ಮೆಣಸಿನಕಾಯಿಯನ್ನು ಎರಡು ಚಮಚ ಹರಳೆಣ್ಣೆಯಲ್ಲಿ ಗರಿಗರಿಯಾಗುವವರೆಗೆ, ಉಳಿದವನ್ನು ಒಂದೊಂದಾಗಿ ಸಣ್ಣ ಉರಿಯಲ್ಲಿ ಹುರಿಯಿರಿ. ಮೆಂತ್ಯ ಕೆಂಪಗಾದ ಕೂಡಲೇ ಇಳಿಸಿ, ಒಂದು ಕ್ಷಣವೂ ಕಾಯಬೇಡಿ. ಗಿರಣಿಯಲ್ಲಿ ನಿಮಗಿಂತ ಮೊದಲು ಯಾರು ಏನು ಹಾಕಿಸಿದರೆಂದು ಕೇಳಿ. ಗರಂ ಮಸಾಲೆಯಾಗಿದ್ದರೆ ನಿಮ್ಮ ಮೊದಲ ಹಿಡಿ ಪುಡಿಯನ್ನು ಬೇರೆ ಕಟ್ಟಿಸಿಕೊಳ್ಳಿ, ಅದರಲ್ಲಿ ಅರ್ಧ ಅವರದೇ ಇರುತ್ತದೆ.