ರನ್ನನ ದುರ್ಯೋಧನನಿಗಾಗಿ ಮರುಗಬಹುದೇ?

ಪ್ರಶ್ನೆ: ನಾನು ಶಿರಸಿಯಲ್ಲಿ ಬಿ.ಎ. ಓದುತ್ತಿದ್ದೇನೆ. ಈ ಸೆಮಿಸ್ಟರಿನಲ್ಲಿ ರನ್ನನ ‘ಗದಾಯುದ್ಧ’ದ ಕೆಲವು ಭಾಗಗಳೂ ವೀರಗಲ್ಲು ಶಾಸನಗಳೂ ನಮಗೆ ಪಠ್ಯವಾಗಿವೆ. ಕೊಲ್ಲುವುದನ್ನೂ ಸಾಯುವುದನ್ನೂ ಇಷ್ಟೊಂದು ಹೊಗಳುವ ಸಾಹಿತ್ಯವನ್ನು ಇಂದು ಮೆಚ್ಚಿ ಓದುವುದು ಹೇಗೆಂದು ತಿಳಿಯದಾಗಿದೆ. ಅಲ್ಲದೆ, ಕಾವ್ಯದ ನಾಯಕ ಭೀಮನಾದರೂ ನನ್ನ ಮನಸ್ಸು ದುರ್ಯೋಧನನ ಕಡೆಗೇ ಹೋಗುತ್ತದೆ. ನಾನು ಓದುತ್ತಿರುವ ರೀತಿಯೇ ತಪ್ಪೇ?
— ಪದವಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ತಪ್ಪಲ್ಲ. ನಿಮ್ಮ ಮನಸ್ಸು ಅತ್ತ ಹೋಗುವಂತೆ ಮಾಡಿದವನು ರನ್ನನೇ. ಆದರೆ ನಿಮ್ಮ ಮೊದಲ ಅನುಮಾನವನ್ನು ಸುಲಭವಾಗಿ ತಳ್ಳಿಹಾಕಬಾರದು, ಅಲ್ಲಿಂದಲೇ ಆರಂಭಿಸೋಣ.

ನೀವಿರುವ ಶಿರಸಿಯಿಂದ ಬನವಾಸಿ ದೂರವಿಲ್ಲ. ಆ ಸೀಮೆಯ ವೀರಗಲ್ಲೊಂದರ ಎದುರು ನಿಂತು, ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋಗಿ. ಇಂಥ ಕಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಅಥವಾ ಜಿನನ ಸನ್ನಿಧಿಯಲ್ಲಿ ಕೈಮುಗಿದು ಕುಳಿತ ಅದೇ ವೀರ, ತುದಿಯಲ್ಲಿ ಸೂರ್ಯಚಂದ್ರರು ಇರುತ್ತಾರೆ. ಗೆದ್ದರೆ ಸಿರಿ, ಸತ್ತರೆ ಸುರಾಂಗನೆ, ಕ್ಷಣದಲ್ಲಿ ಅಳಿಯುವ ಈ ದೇಹಕ್ಕೆ ರಣದಲ್ಲಿ ಸಾಯುವ ಚಿಂತೆಯೇಕೆ ಎಂಬ ‘ಜಿತೇನ ಲಭ್ಯತೇ ಲಕ್ಷ್ಮೀಃ’ ಶ್ಲೋಕವನ್ನು ಹಲವು ಶಾಸನಗಳಲ್ಲಿ ಕೆತ್ತಿದ್ದಾರೆ. ಇದು ಸಾವಿನ ಹೊಗಳಿಕೆಯೇ ಹೌದು, ಅಲ್ಲವೆಂದು ಸಮರ್ಥಿಸುವ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ಆ ಕಲ್ಲುಗಳಲ್ಲಿ ಎಷ್ಟೋ ಅರಸರ ದಿಗ್ವಿಜಯಕ್ಕೆ ಸಂಬಂಧಪಟ್ಟವಲ್ಲ. ತುರುಗಳನ್ನು ಹೊಡೆದುಕೊಂಡು ಹೋಗುವವರನ್ನು ತಡೆದು, ಊರಿನ ಹಟ್ಟಿಯ ದನಗಳನ್ನು ಮರಳಿಸಲು ಹೋಗಿ ಸತ್ತವರಿಗೆ ಆ ಊರಿನವರು ನಿಲ್ಲಿಸಿದವು. ಸತ್ತವನ ಮನೆಯವರಿಗೆ ‘ನೆತ್ತರುಗೊಡಗೆ’ ಎಂದು ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಸ್ವರ್ಗದ ಮಾತನ್ನು ಕಲ್ಲಿನ ಮೇಲೆ ಕೆತ್ತಿಸಿದ ಜನರಿಗೆ, ಆ ಮನೆಯ ಒಲೆ ನಾಳೆ ಉರಿಯಬೇಕೆಂಬುದೂ ಗೊತ್ತಿತ್ತು. (ಈ ಗೌರವ ಮನುಷ್ಯರಿಗಷ್ಟೇ ಮೀಸಲಾಗಿರಲಿಲ್ಲ. ಹತ್ತನೆಯ ಶತಮಾನದ ಆತಕೂರು ಶಾಸನ ಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ ಎಂಬ ನಾಯಿಯ ನೆನಪನ್ನು ಉಳಿಸಿದೆ. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.)

ವೀರಗಲ್ಲು ಸ್ವರ್ಗದವರೆಗೆ ಹೋಗಿ ನಿಲ್ಲುತ್ತದೆ. ರನ್ನ ಮಾತ್ರ ಸ್ವರ್ಗದ ಕಡೆಗೆ ಹೋಗದೆ ಕಳದಲ್ಲೇ ಉಳಿಯುತ್ತಾನೆ, ಯುದ್ಧಕ್ಕೆ ಕಾರಣನಾದವನನ್ನೇ ಅಲ್ಲಿ ನಡೆಸುತ್ತಾನೆ. ಹದಿನೆಂಟು ದಿನಗಳ ಯುದ್ಧ ಮುಗಿಯುತ್ತ ಬಂದಾಗ ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ಭೀಷ್ಮರಿದ್ದಲ್ಲಿಗೆ ಹೊರಡುವ ಭಾಗ ನಿಮ್ಮ ಪಠ್ಯದಲ್ಲಿ ಇದ್ದೇ ಇರುತ್ತದೆ. ಅಲ್ಲಿ ಮಗ ಲಕ್ಷಣಕುಮಾರನ ಹೆಣವನ್ನು ಕಂಡಾಗ ಅವನು ಹೇಳುವ ಮಾತನ್ನು ನೋಡಿ:

ಜನಕಂಗೆ ಜಲಾಂಜಲಿಯಂ
ತನೂಭವಂ ಕುಡುವುದುಚಿತಮದುಗೆಟ್ಟೀಗಳ್
ನಿನಗಾಂ ಕುಡುವಂತಾದುದೆ
ತನೂಜ ನೀಂ ಕ್ರಮವಿಪರ್ಯಯಂ ಮಾಡುವುದೇ

ತಂದೆಗೆ ಮಗ ತರ್ಪಣ ಕೊಡುವುದು ಉಚಿತ, ಅದು ಕೆಟ್ಟು ನಿನಗೆ ನಾನು ಕೊಡುವಂತಾಯಿತೇ, ಮಗನೇ, ಕ್ರಮವನ್ನೇ ತಿರುವು ಮಾಡುವುದೇ ಎಂದು ಅವನು ಕೇಳುತ್ತಾನೆ. ಸತ್ತ ಮಗನನ್ನು ಗದರಿಸುವಂತಿರುವ ಈ ಧಾಟಿಯಲ್ಲೇ ಅಳು ಅಡಗಿದೆ. ಇನ್ನು ದುಶ್ಶಾಸನನ ಹೆಣದ ಬಳಿ ನಿಂತಾಗ ಅವನಿಗೆ ನೆನಪಾಗುವುದು ತಾಯಿಯ ಮೊಲೆಹಾಲು: ಮೊದಲು ನಾನು ಉಂಡೆ, ಬಳಿಕ ನೀನು, ಅಮೃತದಂಥ ಊಟಗಳನ್ನೂ ಹಾಗೆಯೇ ಮೊದಲು ನಾನು, ಬಳಿಕ ನೀನು, ಬಾಲ್ಯದಿಂದ ಎಲ್ಲಿಯೂ ವಿನಯವನ್ನು ಮೀರದ ನೀನು ಸಾವಿನಲ್ಲಿ ಮಾತ್ರ ನನಗಿಂತ ಮುಂದಾದೆಯಲ್ಲ ಎನ್ನುತ್ತಾನೆ. ಎರಡು ಪದ್ಯಗಳನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದರೆ ಕವಿ ಹಿಡಿದಿರುವ ಎಳೆ ಕೈಗೆ ಸಿಗುತ್ತದೆ. ಒಂದರಲ್ಲಿ ಅಪ್ಪನಿಗಿಂತ ಮೊದಲು ಮಗ, ಇನ್ನೊಂದರಲ್ಲಿ ಅಣ್ಣನಿಗಿಂತ ಮೊದಲು ತಮ್ಮ ಹೋಗಿದ್ದಾರೆ. ಯುದ್ಧ ಮನೆಯ ಸರದಿಯನ್ನೇ ಕೆಡಿಸಿದೆ ಎಂಬುದನ್ನು, ಆ ಯುದ್ಧವನ್ನು ಬೇಡಿ ತಂದವನ ಬಾಯಿಂದಲೇ ರನ್ನ ಹೇಳಿಸಿದ್ದಾನೆ.

ಇದೇ ದಾರಿಯಲ್ಲಿ ಶತ್ರುವಿನ ಮಗ ಅಭಿಮನ್ಯುವಿನ ಹೆಣವೂ ಸಿಗುತ್ತದೆ. ಅಲ್ಲಿ ದುರ್ಯೋಧನ ಕೈಮುಗಿದು, ನಿನ್ನ ಸಾಹಸದ ಒಂದು ಪಾಲಿನಷ್ಟಾದರೂ ತೋರಿ ಸಾಯುವ ಭಾಗ್ಯ ನಮಗಾಗಲಿ ಎಂದು ಬೇಡುತ್ತಾನೆ. ಆ ಹುಡುಗನನ್ನು ಹಲವರು ಸೇರಿ ಕೊಂದ ಪಕ್ಷದ ದೊರೆ ಇವನೇ ಎಂಬುದನ್ನು ಮರೆಯದೆ ಈ ಪದ್ಯವನ್ನು ಓದಬೇಕು. ಮರುಕದ ಜೊತೆಗೆ ಅವನ ಅಪರಾಧವನ್ನೂ ನೆನಪಿನಲ್ಲಿಟ್ಟುಕೊಳ್ಳಿ. ರನ್ನ ಎರಡನ್ನೂ ಕೇಳುತ್ತಾನೆ, ಒಂದನ್ನು ಕೊಟ್ಟು ಇನ್ನೊಂದನ್ನು ತಪ್ಪಿಸಲು ಬಿಡುವುದಿಲ್ಲ.

ಹಾಗಾದರೆ ಭೀಮನ ಗತಿಯೇನು ಎಂದು ನೀವು ಕೇಳಬಹುದು. ಕಾವ್ಯದ ಇನ್ನೊಂದು ಹೆಸರು ‘ಸಾಹಸಭೀಮ ವಿಜಯ’. ತನಗೆ ಆಶ್ರಯ ಕೊಟ್ಟ ಚಾಲುಕ್ಯ ದೊರೆ ಸತ್ಯಾಶ್ರಯ ಇರಿವಬೆಡಂಗನನ್ನು ರನ್ನ ಭೀಮನಿಗೆ ಸಮೀಕರಿಸಿ ಬರೆದ. ಇದಕ್ಕೂ ಮುಂಚೆ, 941ರಲ್ಲಿ, ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿ ಭಾರತವನ್ನು ಬರೆದಾಗಲೂ ಭಾರತದಲ್ಲಿ ನೆನೆಯುವುದಾದರೆ ಕರ್ಣನನ್ನೇ ನೆನೆಯಿರಿ ಎಂದು ಹಾಡಿದ್ದ. ದೊರೆಯ ಗೆಲುವನ್ನು ಹಾಡುವುದು ಕವಿಯ ಋಣವಾಗಿತ್ತು. ಆ ಋಣವನ್ನು ಇಬ್ಬರೂ ಪ್ರಾಮಾಣಿಕವಾಗಿಯೇ ತೀರಿಸಿದರು. ಆದರೆ ಅವರ ಅತ್ಯುತ್ತಮ ಪದ್ಯಗಳು ಸೋತವರ ಪಾಲಾದವು. ರನ್ನನಂತೂ 993ರ ‘ಅಜಿತಪುರಾಣ’ದಲ್ಲಿ, ಗಂಡ ನಾಗದೇವನನ್ನು ಕಳೆದುಕೊಂಡು ಮಗನಿಗಾಗಿ ಬದುಕುಳಿದ ಅತ್ತಿಮಬ್ಬೆಯನ್ನೂ, ನಾಗದೇವನ ಇನ್ನೊಬ್ಬ ಹೆಂಡತಿಯಾಗಿದ್ದು ಅವನ ಚಿತೆಯೇರಿದ ಅವಳ ತಂಗಿ ಗುಂಡಮಬ್ಬೆಯನ್ನೂ ಕುರಿತು ಬರೆದವನು. ಉಳಿದವರ ಸಂಕಟ ಅವನಿಗೆ ಪರಿಚಿತವಾಗಿತ್ತು.

ನೀವು ತಾಳಮದ್ದಳೆಯ, ಅಂದರೆ ವೇಷ-ಕುಣಿತಗಳಿಲ್ಲದೆ ಹಾಡು-ಮಾತುಗಳಲ್ಲೇ ನಡೆಯುವ ಯಕ್ಷಗಾನದ, ಸೀಮೆಯವರು. ಗದಾಪರ್ವದ ಕೌರವನ ಅರ್ಥ ಹೇಳುವಾಗ ಅನುಭವಸ್ಥ ಅರ್ಥಧಾರಿಗಳು ಅವನ ಛಲವನ್ನು ಬಿಟ್ಟುಕೊಡದೆಯೇ ಅವನ ಒಂಟಿತನವನ್ನು ಸಭೆಗೆ ಮುಟ್ಟಿಸುತ್ತಾರೆ. ಕೇಳಿದವರಾರೂ ಭಾಗವತರ ಬಳಿ ಹೋಗಿ ಖಳನಿಗಾಗಿ ಏಕೆ ಮರುಗಿಸಿದಿರಿ ಎಂದು ಆಕ್ಷೇಪಿಸುವುದಿಲ್ಲ. ಪರೀಕ್ಷೆಯಲ್ಲಿಯೂ ನಿಮ್ಮ ಅನಿಸಿಕೆಯನ್ನು ಧೈರ್ಯವಾಗಿ ಬರೆಯಿರಿ, ಪ್ರತಿ ಮಾತಿಗೂ ಪದ್ಯದ ಆಧಾರವನ್ನು ಕೊಡಿ.

ಪ್ರಶ್ನೆ: ಹಳಗನ್ನಡ ನಾಲಿಗೆಗೆ ಹತ್ತುವುದಿಲ್ಲ. ಗದ್ಯಾನುವಾದವನ್ನಷ್ಟೇ ಓದಿದರೆ ಸಾಲದೇ?
— ವಿದ್ಯಾರ್ಥಿ, ಕಾರವಾರ

ಉತ್ತರ: ಕಥೆಗೆ ಸಾಕು, ಕಾವ್ಯಕ್ಕೆ ಸಾಲದು. ವೈಶಂಪಾಯನ ಸರೋವರದಲ್ಲಿ ಅಡಗಿದ್ದ ದುರ್ಯೋಧನ ಭೀಮನ ಗರ್ಜನೆಯನ್ನು ಕೇಳಿ ನೀರಿನೊಳಗೂ ಬೆವೆತ ಎಂಬುದು ಗದ್ಯದಲ್ಲಿ ಒಂದು ಸುದ್ದಿ. ‘ಆ ರವಮಂ ನಿರ್ಜಿತ ಕಂಠೀರವ ರವಮಂ ನಿರಸ್ತ ಘನರವಮಂ’ ಎಂದು ಗಟ್ಟಿಯಾಗಿ ಓದಿದಾಗ ಆ ಗರ್ಜನೆ ನಿಮ್ಮ ಬಾಯಲ್ಲೇ ಮೂರು ಸಲ ಏಳುತ್ತದೆ, ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’ (ಉರಗಪತಾಕ ಎಂದರೆ ಹಾವಿನ ಬಾವುಟದ ದುರ್ಯೋಧನ) ಎಂಬಲ್ಲಿಗೆ ಬರುವಷ್ಟರಲ್ಲಿ ಬೆವರಿಗೆ ಕಾರಣ ಸಿಕ್ಕಿರುತ್ತದೆ. ಮೊದಲು ಪದಗಳನ್ನು ಬಿಡಿಸಿಕೊಂಡು ನಿಧಾನವಾಗಿ ಓದಿ, ಅರ್ಥ ನೋಡಿಕೊಳ್ಳಿ, ಆಮೇಲೆ ಕಂದಪದ್ಯದ ನಡೆಗೆ ಸರಿಯಾಗಿ ಸ್ವರವೆತ್ತಿ ಓದಿ. ಉದ್ದನೆಯ ವೃತ್ತಗಳಿಗೆ ಆತುರ ಬೇಡ; ಮೇಲೆ ಉದ್ಧರಿಸಿರುವ ‘ಜನಕಂಗೆ ಜಲಾಂಜಲಿಯಂ’ ಪದ್ಯದಿಂದಲೇ ತೊಡಗಿ, ಅದರಲ್ಲಿ ತಡವರಿಸುವಂಥ ಪದಗಳು ಹೆಚ್ಚಿಲ್ಲ.