ಹೆಗಲಿಗೆ ಕೋವಿ, ಮೈಗೆ ಟ್ರ್ಯಾಕ್ ಪ್ಯಾಂಟ್

ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಕೋವಿ ಹೊತ್ತು ನಡೆದರೆ ಹೋಂಸ್ಟೇ ಪ್ರವಾಸಿಗರು ಗಾಬರಿಯಾಗುತ್ತಾರೆ, ಏನು ಮಾಡಲಿ ಅಂದಿರಿ. ಕೋವಿಗಿಂತ ಜಾಸ್ತಿ ಹೆದರಿಸಿದ್ದು ನಿಮ್ಮ ಟ್ರ್ಯಾಕ್ ಪ್ಯಾಂಟ್, ಮುಖ ಮುಚ್ಚುವ ಟೋಪಿ ಇರಬೇಕು. ಹೊರಗಿನವರಿಗೆ ಅದು ಹಬ್ಬ ಅಂತ ಗೊತ್ತಾಗುವುದಾದರೂ ಹೇಗೆ?

ಮೊದಲು ಕೊಡವರ ಉದ್ದನೆಯ ಕಪ್ಪು ನಿಲುವಂಗಿ ಕುಪ್ಯ ಹಾಕಿ, ಸೊಂಟಕ್ಕೆ ಚೇಲೆ ಅನ್ನುವ ಕೆಂಪು ಪಟ್ಟಿ ಕಟ್ಟಿ. ಪೂಜೆಯಲ್ಲಿ ನಳಿಗೆಗೆ ಸಿಕ್ಕಿಸಿದ ತೋಕ್ ಪೂ (ಕೋವಿ ಹೂ) ಹಾಗೇ ಇರಲಿ. ಆ ಕೆಂಪು ಹಳದಿ ಹೂ ಕಂಡ ಕೂಡಲೇ ಜನರ ಮುಖ ಸಡಿಲವಾಗುತ್ತದೆ, ನಾನೇ ನೋಡಿದ್ದೇನೆ. ಗುಂಡು ಹೊಡೆಯುವ ಮುಂಚೆ ತೆಗೆಯಲು ಮಾತ್ರ ಮರೆಯಬೇಡಿ!

ಮನೆಯಲ್ಲೇ ಕೋವಿ ಬಿಚ್ಚಿ ಖಾಲಿ ಇದೆಯಾ ನೋಡಿ. ತೋಟಾ ಬೇರೆ ಚೀಲದಲ್ಲಿರಲಿ. ಮಡಚುವ ಕೋವಿಯಾದರೆ ಮಡಚಿಕೊಂಡೇ ನಡೆಯಿರಿ, ಖಾಲಿ ಅಂತ ದೂರದಿಂದಲೇ ಕಾಣುತ್ತದೆ. ನಳಿಗೆ ಯಾರ ಕಡೆಗೂ ತಿರುಗಬಾರದು, ಬೆರಳು ಕೋವಿಯ ಕುದುರೆಯ (ಟ್ರಿಗರ್) ಹತ್ತಿರ ಹೋಗಬಾರದು. ದಾರಿಯಲ್ಲಿ ಹೋಟೆಲಿಗೆ ನುಗ್ಗಬೇಡಿ. ಪೇಟೆ ದಾಟಬೇಕಾದರೆ ಚೀಲದಲ್ಲಿ ಹಾಕಿ ಜೀಪಲ್ಲಿ ಒಯ್ಯಿರಿ.

ಯಾರಾದರೂ ದಿಟ್ಟಿಸಿದರೆ ನೀವೇ ಮೊದಲು ನಕ್ಕು, ‘ಹಬ್ಬ, ಆಯುಧಪೂಜೆ ಇತ್ತು’ ಅನ್ನಿ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವ ಕೋವಿ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಆದರೆ ದಾರಿಯಲ್ಲಿ ಸಿಗುವವರಿಗೆ ಅದರ ಪಾಠ ಬೇಡ. ವಿನಾಯಿತಿ ಪತ್ರ ಜೇಬಿನಲ್ಲಿರಲಿ, ಪೊಲೀಸರು ಕೇಳಿದರೆ ತೋರಿಸಿ.

ಇಷ್ಟಾದರೂ ಒಬ್ಬಿಬ್ಬರು ಮೊಬೈಲ್ ಎತ್ತಬಹುದು. ಅದಕ್ಕೆ ನನ್ನ ಹತ್ತಿರವೂ ಮದ್ದಿಲ್ಲ.