ಪೂಲ್ ಕ್ಯೂವಿನ (ಬಿಲಿಯರ್ಡ್ಸ್‌ನಂಥ ಪೂಲ್ ಆಟದ ಕೋಲಿನ) ಹಿಡಿಯಲ್ಲಿ ಹುಲಿಪಟ್ಟೆಯಂಥ ಗೆರೆಗಳಿವೆ. ಇದು ಯಾವ ಮರ? ಕಾಸರಗೋಡಿನಲ್ಲಿ ಆಚಾರಿಗೆ ತೋರಿಸಿದರೆ ಗೊತ್ತಾಗುತ್ತದಾ?

ಮೊದಲು ಅದು ಅಸಲಿ ಮರದ ಪಟ್ಟೆಯೋ, ಮೇಲೆ ಹಾಕಿದ ಪ್ರಿಂಟೋ ನೋಡಿ. ಮೊಬೈಲ್ ಟಾರ್ಚನ್ನು ಒಂದೇ ಬದಿಯಲ್ಲಿ ಹಿಡಿದು ಕ್ಯೂವನ್ನು ಮೆಲ್ಲನೆ ಉರುಳಿಸಿ. ಅಸಲಿ ಕರ್ಲಿ ಮೇಪಲ್ (ಹೀಗೆ ಪಟ್ಟೆ ಕಾಣುವ ಮೇಪಲ್ ಮರ) ಆದರೆ ಹೊಳೆಯುತ್ತಿದ್ದ ಪಟ್ಟೆ ಮಂಕಾಗಿ, ಮಂಕಾಗಿದ್ದದ್ದು ಹೊಳೆಯುತ್ತದೆ, ಥೇಟ್ ರೇಷ್ಮೆ ಸೀರೆಯ ಹಾಗೆ. ನಾರು ಅಲೆಅಲೆಯಾಗಿ ಬೆಳೆದಿರುವುದೇ ಕಾರಣ. ಪ್ರಿಂಟಾದರೆ ಪಟ್ಟೆ ಅಲ್ಲಾಡುವುದಿಲ್ಲ. ಪ್ರಿಂಟಿನ ಅಂಚುಗಳು ಸೇರುವ ಒಂದು ಗೆರೆಯೂ ಉದ್ದಕ್ಕೆ ಸಿಗಬಹುದು.

ಪಟ್ಟೆಯ ಬದಲು ಕೆಲವೇ ಮಿಲಿಮೀಟರಿನ ದುಂಡು ಕಣ್ಣುಗಳಿದ್ದು, ನಾರು ಅವನ್ನು ಬಳಸಿ ಹೋಗಿದ್ದರೆ ಬರ್ಡ್ಸ್‌ಐ ಮೇಪಲ್. ಒಂದೇ ಅಚ್ಚಿನ ಕಣ್ಣುಗಳ ಗುಂಪು ಮತ್ತೆ ಮತ್ತೆ ಬಂದರೆ ಅನುಮಾನಪಡಿ.

ಬಣ್ಣವನ್ನು ನಂಬಲೇಬೇಡಿ. ಮೇಪಲ್‌ಗೆ ಕಂದು, ನೀಲಿ, ಕಪ್ಪು ಯಾವ ಡೈ ಬೇಕಾದರೂ ಹಾಕುತ್ತಾರೆ. ನಂಬಬೇಕಾದ್ದು ರಂಧ್ರಗಳನ್ನು. ನಮ್ಮ ಬೀಟಿಯಲ್ಲಿ ಅವು ಉದ್ದಕ್ಕೆ ಸಣ್ಣ ಗೀರುಗಳಂತೆ ಬರಿಗಣ್ಣಿಗೇ ಕಾಣುತ್ತವೆ. ಕೊಕೊಬೋಲೊ ಅದರದೇ ಕುಲದ ಮರ, ಅಲ್ಲಿಯೂ ಹಾಗೆಯೇ. ಮೇಪಲ್‌ನಲ್ಲಿ 10 ಪಟ್ಟು ದೊಡ್ಡದು ಮಾಡುವ ಲೆನ್ಸ್ ಬೇಕು. ಅಡ್ಡಕೊಯ್ತದಲ್ಲಿ ಸೂಕ್ಷ್ಮ ರಂಧ್ರಗಳು ಸಮನಾಗಿ ಹರಡಿರುತ್ತವೆ. ಅಡ್ಡಕೊಯ್ತ ನೋಡಲು ಬುಡದ ರಬ್ಬರ್ ಬಂಪರ್ ತೆಗೆಯಿರಿ. ಆದರೆ ಎಷ್ಟೋ ಕ್ಯೂಗಳಲ್ಲಿ ಅಲ್ಲಿರುವುದು ಪ್ಲಾಸ್ಟಿಕ್ ಕ್ಯಾಪ್, ಆಗ ಏನೂ ಸಿಗುವುದಿಲ್ಲ.

ಆಚಾರಿಗಳು ಬೀಟಿ, ತೇಗ, ಹಲಸನ್ನು ನೋಡಿದ ಕೂಡಲೇ ಹೇಳುತ್ತಾರೆ. ಮೇಪಲ್ ಊರಿನ ಮರವಲ್ಲ, ಅವರ ಕೈಗೆ ಬರುವುದೇ ಅಪರೂಪ. ಮರಳುಕಾಗದದಿಂದ ಉಜ್ಜಿ ನೋಡಲು ಮಾತ್ರ ಬಿಡಬೇಡಿ. ಫಿನಿಶ್ ಹೋದಲ್ಲಿ ಬೆವರು, ತೇವ ಇಳಿದು ಕಲೆಯಾಗುತ್ತದೆ. ಈ ಊರಿನ ಮಳೆಗಾಲದಲ್ಲಂತೂ ಕೇಳುವುದೇ ಬೇಡ.